ಆಲಿವ್‌ಗೆ ಕೇಳಿಸಿದ ಖಲಾಸ್

ಕುವೈತಿನಲ್ಲಿ ನಮ್ಮ ಮಂಗಳೂರಿನವರ ಮದುವೆ ಎಂದರೆ ಆಲಿವ್ ಹಾಡಲೇಬೇಕು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಹೊತ್ತಿಗೆ ಅಷ್ಟು ಹೆಸರು ಮಾಡಿದ್ದಳು. ಕುಲಶೇಖರದ ಇಗರ್ಜಿಯಲ್ಲಿ ಕೀರ್ತನೆ ಹಾಡಿ ಬೆಳೆದ ಗಂಟಲು. ಜಾಝ್ ಹುಚ್ಚು ಹಿಡಿಸಿದವನು ಇಲ್ಲಿ ಸ್ಯಾಕ್ಸೋಫೋನ್ ಊದುವ ಎಡ್ವರ್ಡ್. ತಾಳಕ್ಕೆ ಕೂದಲೆಳೆಯಷ್ಟು ಹಿಂದೆ ನಿಂತು ಹಾಡುವಳು. ಎಲ್ಲಿ ತಪ್ಪಿಬಿಡುತ್ತಾಳೋ ಎಂದು ನಮ್ಮ ಜೀವ ಬಾಯಿಗೆ ಬರುತ್ತಿತ್ತು. ಹವಲ್ಲಿ ಬಡಾವಣೆಯಲ್ಲಿ ಅವಳ ಜೊತೆ ಒಂದೇ ಕೋಣೆಯಲ್ಲಿದ್ದವಳು ನಾನು, ರೋಸಲಿನ್. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಮಲಗಿದರೆ ಬಚ್ಚಲಿನಿಂದ ಇವಳ ರಾಗ. ಎಷ್ಟು ಬೈದರೂ ಅಷ್ಟೇ.

ಹೊಟ್ಟೆಪಾಡಿಗೆ ಆಲಿವ್ ಮಾಡುತ್ತಿದ್ದುದು ಟೈಪಿಸ್ಟ್ ಕೆಲಸ. ಆ ವರ್ಷ ಆಫೀಸೇ ಮುಚ್ಚುವುದೆಂದಾಯಿತು. ಬೇರೆ ಕೆಲಸ ಸಿಕ್ಕರೆ ಇಲ್ಲಿ ವಾಸಕ್ಕೆ ಬೇಕಾದ ಇಕಾಮಾ ಅಲ್ಲಿಗೆ ವರ್ಗ ಮಾಡಿಕೊಡುತ್ತೇನೆ, ಇಲ್ಲದಿದ್ದರೆ ಊರಿಗೆ ಎಂದಿದ್ದ ಅವಳ ವೀಸಾಕ್ಕೆ ಹೊಣೆಯಾದ ಧಣಿ, ಕಫೀಲ್. ಊರಿನಲ್ಲಿ ಯಾವ ಜಾಝ್? ಅಲ್ಲಿ ಅಣ್ಣ ಚಾರ್ಲ್ಸ್ ಗಂಡು ಗೊತ್ತು ಮಾಡಿ, ಮದುವೆಯ ನಂತರ ಹಾಡಕೂಡದು ಎಂಬ ಗಂಡಿನವರ ಮಾತಿಗೂ ಒಪ್ಪಿ ಕುಳಿತಿದ್ದ. ಉಳಿದದ್ದು ಒಂದೇ ದಾರಿ. ಎಡ್ವರ್ಡನ ತಂಡ ನುಡಿಸುವ ಹೋಟೆಲಿಗೆ ಗಾಯಕಿ ಬೇಕಿತ್ತು.

ಹಾಡಿ ತೋರಿಸಲು ಹೋದ ಬೆಳಿಗ್ಗೆ, ಲೆಬನಾನಿನ ಮ್ಯಾನೇಜರ್ ಅರ್ಧ ಹಾಡಿಗೇ ಕೈ ಎತ್ತಿ "ಖಲಾಸ್" ಎಂದನಂತೆ. ನಮ್ಮ ಬಾಯಲ್ಲಿ ಖಲಾಸ್ ಎಂದರೆ ಕಥೆ ಮುಗಿಯಿತು. ಆಫೀಸು ಮುಚ್ಚುವಾಗ ಕಫೀಲನೂ ಅದನ್ನೇ ಹೇಳಿದ್ದ. ಆಲಿವ್ ಯಾರ ಮುಖವನ್ನೂ ನೋಡದೆ ಹೊರಬಿದ್ದು, ನೇರ ಆಫೀಸಿಗೆ ಹೋಗಿ, ಇಕಾಮಾ ರದ್ದು ಮಾಡಿ ಎಂದು ಸಹಿ ಹಾಕಿಕೊಟ್ಟು ಬಂದಳು. ಸ್ವಾಭಿಮಾನವೋ ಪೆದ್ದುತನವೋ, ದೇವರೇ ಬಲ್ಲ.

ಅವಳು ಪೆಟ್ಟಿಗೆ ತುಂಬುತ್ತಿರುವಾಗ ಎಡ್ವರ್ಡ್ ಏದುಸಿರು ಬಿಡುತ್ತ ಬಂದ.

"ಅವ ಖಲಾಸ್ ಹೇಳಿದ್ದು ಸಾಕು, ಆಯ್ತು, ನೀನೇ ಅಂತ. ನಾಳೆಯಿಂದ ಹಾಡ್ಲಿಕ್ಕೆ ಬರ್ಬೇಕಂತೆ. ನೀ ಎಂಥ ಮಾಡಿದ್ದು ಮಾರಾಯ್ತಿ?"

ನನಗೆ ಅವಳ ಕೆನ್ನೆಗೆ ಎರಡು ಬಿಡುವಷ್ಟು ಸಿಟ್ಟು ಬಂತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಆಫೀಸಿಗೆ ಓಡಿದರೆ, ಸರಕಾರಿ ಕೆಲಸಗಳಿಗೆ ಓಡಾಡುವ ಮಂದೂಬ್ ಆ ಕಾಗದ ಹಿಡಿದು ಆಗಲೇ ಹೊರಟಾಗಿತ್ತು. ಟ್ಯಾಕ್ಸಿ ಹಿಡಿದು ಇಕಾಮಾ ಕಚೇರಿಗೆ ಬಂದೆವು. ಒಳಗೆ ಕಾಲಿಡಲು ಜಾಗವಿಲ್ಲ, ಬರೀ ಗಂಡಸರು. ಕಾವಲಿನವನು ನಮ್ಮನ್ನು ಬಾಗಿಲಲ್ಲೇ ತಡೆದ. ಮಂದೂಬ್ ಕಿಟಕಿಯ ಹತ್ತಿರವಿದ್ದ, ಅವನ ಮುಂದೆ ಇಬ್ಬರೇ. ಮುದ್ರೆ ಬಿದ್ದರೆ ಹೋಟೆಲೂ ಇಲ್ಲ, ಹಾಡೂ ಇಲ್ಲ. ಎಡ್ವರ್ಡ್ ನುಗ್ಗಲು ನೋಡಿ ಬೈಸಿಕೊಂಡ. ನಾನು "ಭಾಯಿ" ಎಂದು ಕೂಗಿದೆ. ಅಲ್ಲಿದ್ದವರೆಲ್ಲ ತಿರುಗಿದರು, ಅವನೊಬ್ಬನನ್ನು ಬಿಟ್ಟು.

ಆಗ ಆಲಿವ್ ಹಾಡತೊಡಗಿದಳು. ಸ್ವರ ಒಂದಿಷ್ಟೂ ನಡುಗಲಿಲ್ಲ. ಗದ್ದಲ ಅಡಗಿತು. ಕಿಟಕಿಯಾಚೆ ಮುದ್ರೆ ಹಿಡಿದ ಕೈ ಅಲ್ಲೇ ನಿಂತಿತು. ಹಾಡುವವಳು ತಮ್ಮ ಆಫೀಸಿನ ಟೈಪಿಸ್ಟ್ ಎಂದು ಕಂಡು ಮಂದೂಬ್ ಕಣ್ಣರಳಿಸಿದ. ಅವಳು ಹಾಡುತ್ತಲೇ ಬೇಡ ಬೇಡ ಎಂದು ಎರಡೂ ಕೈ ಆಡಿಸಿದಳು. ಅವನು ಕಾಗದ ಎಳೆದುಕೊಂಡು ನಮ್ಮತ್ತ ಬಂದ. ಮುಂದೆ ಬಹರೈನ್, ದುಬೈ ವೇದಿಕೆಗಳಲ್ಲೂ ಅವಳನ್ನು ಕೇಳಿದ್ದೇನೆ. ಅಂಥ ಹಾಡು ಮತ್ತೆ ಕೇಳಲಿಲ್ಲ.

ಕಾಗದ ಕೈಗೆ ಬಂದದ್ದೇ ಹಾಡು ನಿಲ್ಲಿಸದೆ ಅದನ್ನು ಹರಿದು ಹಾಕಿದಳು. ಯಲ್ಲಾ, ಹೊರಗೆ ನಡಿ ಎಂದು ಕಾವಲಿನವನು ಬಾಗಿಲು ತೋರಿಸಿದ. ಆಲಿವ್ ಅವನ ಕಣ್ಣಲ್ಲೇ ಕಣ್ಣಿಟ್ಟು, ಕೊನೆಯ ಸಾಲಿನ ತನಕ ಹಾಡಿ ಮುಗಿಸಿ, ಆಮೇಲೆ ಹೊರಗೆ ಬಂದಳು.