ಅಕ್ಕನ ಪಕ್ಕದಲ್ಲಿ ಮಲಗುತ್ತಿದ್ದವಳು

ಹೋದ ವಾರ ಬನಹಟ್ಟಿಯ ಅಂಗಡಿಯೊಂದರಲ್ಲಿ ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ನೂಲಿನ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನು ಸೆರಗಿನ ಬಗ್ಗೆ, ಬಣ್ಣದ ಬಗ್ಗೆ ಏನೇನೋ ಹೇಳುತ್ತಲೇ ಇದ್ದ. ನಾನು ಸೀರೆ ಕೊಳ್ಳದೆ ಎದ್ದು ಬಂದೆ. ಮೂರು ವರ್ಷ ನಮ್ಮ ಮನೆಯಲ್ಲಿ ಅಕ್ಕನನ್ನು ನೋಡಿಕೊಂಡ ಹೆಂಗಸಿನ ಮೈಗೆ ಇದೇ ವಾಸನೆ ಇರುತ್ತಿತ್ತು. ಅವಳು ಮಗ್ಗ ಬಿಟ್ಟು ಎಷ್ಟೋ ದಿನವಾಗಿದ್ದರೂ ವಾಸನೆ ಅವಳನ್ನು ಬಿಟ್ಟಿರಲಿಲ್ಲ...

ಅವಳು ರಬಕವಿಯಲ್ಲಿ ನಮ್ಮ ಹಿಂದಿನ ಓಣಿಯವಳು. ಕುಣಿಮಗ್ಗದಲ್ಲಿ ಕಾಲು ಕುಣಿಗೆ ಇಳಿಬಿಟ್ಟು ಕೂತು ಕೂತು ಮೊಣಕಾಲು ಹೋದ ಮೇಲೆ ನೇಯುವುದನ್ನು ನಿಲ್ಲಿಸಿದ್ದಳು. ನನ್ನ ಅಕ್ಕನಿಗೆ ಆಗ ಐವತ್ತು ದಾಟಿತ್ತು. ಬುದ್ಧಿ ಮಾತ್ರ ಐದು ವರ್ಷಕ್ಕೇ ನಿಂತುಬಿಟ್ಟಿತ್ತು. ಅದರ ಜೊತೆಗೆ ಫಿಟ್ಸ್. ಅದೂ ಹೆಚ್ಚಾಗಿ ನಿದ್ದೆಯಲ್ಲೇ ಬರುತ್ತಿತ್ತು. ಬಂದಾಗ ತಕ್ಷಣ ಪಕ್ಕಕ್ಕೆ ಹೊರಳಿಸದಿದ್ದರೆ ಉಸಿರು ಕಟ್ಟಬಹುದೆಂದು ಜಮಖಂಡಿಯ ಡಾಕ್ಟರು ಎಚ್ಚರಿಸಿದ್ದರು. ರಾತ್ರಿ ನಾನಿರುತ್ತಿದ್ದೆ. ಹಗಲು ಮಹಾಲಿಂಗಪುರದ ಶಾಲೆಗೆ ಪಾಠ ಹೇಳಲು ಹೋಗಲೇಬೇಕಿತ್ತು. ಹಾಗಾಗಿ ಅವಳು ಬಂದಳು.

ತರಬೇತಿ ಗಿರಬೇತಿ ಏನೂ ಇರಲಿಲ್ಲ. ಅಕ್ಕನಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಒಂದು ತುತ್ತು ಗಂಟಲಿನಿಂದ ಇಳಿದದ್ದು ಕಂಡ ಮೇಲೆಯೇ ಇನ್ನೊಂದು ಕೊಡುತ್ತಿದ್ದಳು. ಸ್ನಾನ ಮಾಡಿಸುವಾಗ ಬೆನ್ನು, ಸೊಂಟ ಎಲ್ಲವನ್ನೂ ಬೆಳಕಿಗೆ ತಿರುಗಿಸಿ, ನೇಯ್ದ ಬಟ್ಟೆಯಲ್ಲಿ ಎಳೆ ತಪ್ಪಿದೆಯೇನೋ ಎಂದು ಹುಡುಕುವ ಹಾಗೆ ನೋಡುತ್ತಿದ್ದಳು. ಸಂಜೆ ನಾನು ಬಂದವಳೇ ಶಾಲೆಯ ಗತ್ತಿನಲ್ಲೇ ವಿಚಾರಣೆ ಶುರು ಮಾಡುತ್ತಿದ್ದೆ: ಉಂಡಳೇ, ಗುಳಿಗೆ ನುಂಗಿದಳೇ, ಫಿಟ್ಸ್ ಬಂದಿತ್ತೇ?

"ಎಲ್ಲಾ ಆತ್ರಿ ಬಾಯಾರ" ಎನ್ನುವಳು; ಟೀಚರನ್ನು ನಮ್ಮ ಕಡೆ ಬಾಯಾರ ಎಂದೇ ಕರೆಯುವುದು. ಅದಕ್ಕಿಂತ ಹೆಚ್ಚಿನ ಮಾತಿಗೆ ನಾನು ಎಡೆ ಕೊಟ್ಟವಳಲ್ಲ.

ಒಂದು ದಿನ ಯಾರೋ ದೊಡ್ಡವರು ತೀರಿಕೊಂಡರೆಂದು ಶಾಲೆಗೆ ಮಧ್ಯಾಹ್ನವೇ ರಜೆ ಕೊಟ್ಟರು. ಮನೆಗೆ ಬಂದು ಕೋಣೆಗೆ ಇಣುಕಿದೆ. ಅಕ್ಕ ಮಂಚದ ಮೇಲೆ ಮಲಗಿದ್ದಳು. ಅವಳ ಮುಂಗೈಗೆ ಒಂದು ಬಟ್ಟೆಯ ಪಟ್ಟಿ! ಅದರ ಇನ್ನೊಂದು ತುದಿ ಮಂಚದ ಆಚೆ ಕೆಳಕ್ಕೆ ಇಳಿದಿತ್ತು. ಮಂಚದ ಕಾಲಿಗೆ ಕಟ್ಟಿಹಾಕಿದ್ದಾಳೆ ಎಂದುಕೊಂಡೆ. ಆ ಬದಿಗೆ, ನೆಲದ ಮೇಲೆ, ಅವಳು ಗೊರಕೆ ಹೊಡೆಯುತ್ತಿದ್ದಳು.

"ನಾಚಿಕಿ ಆಗಂಗಿಲ್ಲೇನ ನಿನಗ? ನಂಬಿ ಬಿಟ್ಟ ಹೋದ್ರ ಇದನ್ನ ಮಾಡ್ತೀಯೇನ?" ಓಣಿಯವರು ಬಾಗಿಲಿಗೆ ಬಂದು ನಿಲ್ಲುವಷ್ಟು ಕೂಗಿದೆ.

ಅವಳು ದಡಬಡಿಸಿ ಎದ್ದಳು. ಅವಸರದಲ್ಲಿ ಕೈ ಕೊಡವಿಕೊಂಡು ಗೋಡೆ ಹಿಡಿದು ನಿಂತಳು. "ತಪ್ಪಾತ್ರೀ ಬಾಯಾರ" ಎಂದಳು.

ತಪ್ಪೊಪ್ಪಿಕೊಂಡಳಲ್ಲ, ಇನ್ನೇನು ಬೇಕು? ನಾಳೆಯಿಂದ ಬರಬೇಡ ಎಂದುಬಿಟ್ಟೆ. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ, "ಎದ್ದ ಕೂಡ್ಲೆ ಚಾ ಕೇಳ್ತಾಳ. ಆರಿಸಿ ಕೊಡ್ರಿ, ಬಾಯಿ ಸುಟ್ಟಕೋತಾಳ" ಎಂದಳು. ನಾನು ಬಾಗಿಲು ಹಾಕಿಕೊಂಡೆ.

ಆಮೇಲೆ ಮನೆಗೇ ಆಯಾಗಳನ್ನು ಕಳಿಸುವ ಸಂಸ್ಥೆಯೊಂದಕ್ಕೆ ಹೇಳಿ ಒಬ್ಬಾಕೆಯನ್ನು ಕರೆಸಿದೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ವಹಿ. ಗಂಟೆಗೊಂದು ಸಾಲು ಬರೆಯುತ್ತಿದ್ದಳು, ಅಕ್ಷರ ಮುತ್ತಿನಂತಿದ್ದವು. ನನ್ನಂಥ ಟೀಚರಿಗೆ ಅಷ್ಟು ಸಾಕಲ್ಲ! ಒಂದು ಸಂಜೆ ಆಕೆಯೇ ಹೇಳಿದಳು: "ನಿಮ್ಮ ಅಕ್ಕಾರು ಉಂಡ ಮ್ಯಾಲೆ ದಿನಾ ಕೈ ಮುಂದ ಮಾಡ್ತಾರ್ರಿ. ನಾಡಿ ನೋಡಿ ಬರಕೋತೇನಿ."

ಆ ಭಾನುವಾರ ಊಟವಾದ ಮೇಲೆ ಅಕ್ಕ ನನ್ನ ಮುಂದೆಯೂ ಕೈ ಚಾಚಿದಳು. ನಾನು ಸುಮ್ಮನೆ ನೋಡುತ್ತಿದ್ದೆ. ಅವಳಿಗೆ ಸಿಟ್ಟು ಬಂತು. ದಿಂಬಿನ ಕೆಳಗಿಂದ ಆ ಪಟ್ಟಿಯನ್ನು ಎಳೆದು ತೆಗೆದಳು. ಹಳೆಯ ಸೀರೆಯ ಅಂಚು ಅದು. ಎರಡೂ ತುದಿಗೆ ಒಂದೊಂದು ಕುಣಿಕೆ, ಪ್ರತಿಯೊಂದೂ ಒಂದು ಕೈ ತೂರುವಷ್ಟೇ ಅಗಲ. ಒಂದನ್ನು ತನ್ನ ಕೈಗೆ ಏರಿಸಿಕೊಂಡಳು. ಇನ್ನೊಂದನ್ನು ನನ್ನ ಕೈಗೆ ಏರಿಸಿ, ನೆಲ ತೋರಿಸಿದಳು. ಮಲಗಿದೆ. ಅವಳು ಮಗ್ಗುಲಾದರೂ ಸಾಕು, ನನ್ನ ಕೈ ಜಗ್ಗುತ್ತಿತ್ತು. ಇನ್ನು ಫಿಟ್ಸ್ ಬಂದರೆ ಎಂಥ ನಿದ್ದೆಯಲ್ಲಿದ್ದವರೂ ಏಳಲೇಬೇಕು... ನನಗೆ ಅಳು ತಡೆಯಲಾಗಲಿಲ್ಲ.

ಮರುದಿನವೇ ಹಿಂದಿನ ಓಣಿಗೆ ಹೋದೆ. "ಆವತ್ತ ಯಾಕ ಹೇಳಲಿಲ್ಲ ನೀ?" ಎಂದು ಕೇಳಿದೆ. ಅಲ್ಲೂ ತಪ್ಪು ಅವಳದೇ ಎನ್ನುವ ಧಾಟಿ, ನೋಡಿ.

"ನಿದ್ದಿ ಮಾಡಿದ್ದಕ್ಕ ಬೈದ್ರಿ ಅಂತ ತಿಳಕೊಂಡೆನ್ರೀ" ಎಂದಳು. "ಕಟ್ಟಿದ್ದಕ್ಕ ಅಂತ ಈಗ ಗೊತ್ತಾತು."

ಮತ್ತೆ ಬಾ ಎಂದು ಬೇಡಿಕೊಂಡೆ. ತೇರದಾಳದಲ್ಲಿ ಹಾಸಿಗೆ ಹಿಡಿದ ಅಜ್ಜನೊಬ್ಬನನ್ನು ನೋಡಿಕೊಳ್ಳಲು ಅವಳು ಒಪ್ಪಿಕೊಂಡಾಗಿತ್ತು. "ಅವ್ರನ್ನ ಒಮ್ಮಿಗೇ ಹೆಂಗ ಬಿಟ್ಟ ಬರ್ಲಿರೀ?" ಎಂದಳು. ನಾನು ಅವಳನ್ನು ಒಮ್ಮೆಗೇ ಬಿಟ್ಟಿದ್ದೆ. ಅದನ್ನು ಅವಳು ಬಾಯಿ ಬಿಟ್ಟು ಆಡಲಿಲ್ಲ.

ಪಟ್ಟಿಯ ವಿಷಯ ಹೊಸ ಆಯಾಗೆ ಹೇಳಿದೆ. ಯಾರ ಕೈಯನ್ನೂ ಕಟ್ಟಬಾರದೆಂಬ ನಿಯಮವಿದೆ, ತಾನು ಕೆಲಸದ ಹೊತ್ತಿನಲ್ಲಿ ಮಲಗುವವಳೂ ಅಲ್ಲ ಎಂದಳು. ನಿಯಮದಲ್ಲಿ ತಪ್ಪು ಹುಡುಕಲು ನನಗೆ ಬಾಯಿರಲಿಲ್ಲ. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಕ್ಕ ನಿದ್ದೆಯಲ್ಲೇ ಫಿಟ್ಸ್ ಬಂದು ತೀರಿಹೋದಳು. ಆಯಾ ನಿಜಕ್ಕೂ ಮಲಗಿರಲಿಲ್ಲ. ಪಡಸಾಲೆಯಲ್ಲಿ ಕೂತು ವಹಿ ಬರೆಯುತ್ತಿದ್ದಳು. ಮೂರು ಗಂಟೆಯ ಸಾಲಿನಲ್ಲಿ ‘ಶಾಂತವಾಗಿ ಮಲಗಿದ್ದಾರೆ’ ಎಂದಿತ್ತು.

ಮಣ್ಣಿಗೆ ಒಯ್ಯುವ ಮುಂಚೆ ಹಿಂದಿನ ಓಣಿಯ ಅವಳು ಕುಂಟುತ್ತ ಬಂದಳು. ಅಕ್ಕನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. "ಆಗ ಬಾಜೂಕ ಯಾರಿದ್ರರೀ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಅವಳು ಎದ್ದುಹೋದಳು.

ಹೋದ ವಾರ ಸೀರೆ ಅಂಗಡಿಯಿಂದ ಎದ್ದವಳು ನೇರ ಅವಳ ಮನೆಗೆ ಹೋದೆ. ಬೀಗ ಹಾಕಿತ್ತು. ಮಗಳ ಮನೆಗೆಂದು ಇಚಲಕರಂಜಿಗೆ ಹೋದವಳು ಅಲ್ಲೇ ತೀರಿಕೊಂಡಳಂತೆ, ವರ್ಷವಾಯಿತಂತೆ. ಪಕ್ಕದ ಮನೆಯಾಕೆ ಹೇಳಿದಳು. ನನಗೆ ತಿಳಿಸಲು ನಾನು ಅವಳಿಗೆ ಏನಾಗಬೇಕು?... ಅಕ್ಕ ಹಗಲೆಲ್ಲ ಏನು ಮಾತಾಡುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು, ಯಾರನ್ನು ನೆನೆಯುತ್ತಿದ್ದಳು ಎಂದು ಅವಳನ್ನು ಕೇಳಬೇಕಿತ್ತು. ಇನ್ನು ಈ ಊರಿನಲ್ಲಿ ಅಕ್ಕನನ್ನು ಬಲ್ಲವಳೆಂದರೆ ನಾನೊಬ್ಬಳೇ. ನನಗೆ ಗೊತ್ತಿರುವುದೋ, ರಾತ್ರಿ ನಿದ್ದೆಯಲ್ಲಿದ್ದ ಅಕ್ಕ ಮಾತ್ರ.