ಅಪ್ಪನ ಕಣ್ಣಿಗಾಗಿ ಕೊಂಡ ಸ್ಕ್ಯಾನರ್

ಸ್ಕ್ಯಾನರಿಗೆ ನಾನು ಕೊಟ್ಟದ್ದು ಮೂರು ಸಾವಿರದ ಒಂಬೈನೂರು ರೂಪಾಯಿ. ರಾಬರ್ಟ್‌ಸನ್‌ಪೇಟೆಯ ಅಂಗಡಿಯವನು ಮೊದಲು ಹೇಳಿದ್ದು ಐದು ಸಾವಿರದ ಮೇಲೆ. ಪೆಟ್ಟಿಗೆ ಹರಿದಿತ್ತು, ಮುಚ್ಚಳದ ಮೇಲೆ ಗೀರಿತ್ತು, ಮಾಲು ಬಹಳ ದಿನದಿಂದ ಗಾಜಿನ ಬೀರುವಿನಲ್ಲಿ ಕೂತಿತ್ತು. ಇವನ್ನೆಲ್ಲ ನಾನು ಒಂದೇ ಉಸಿರಿಗೆ ಹೇಳಲಿಲ್ಲ. ಒಂದು ಹೇಳಿ, ಟೀ ತರಿಸಿ, ಕುಡಿದು, ಇನ್ನೊಂದು ಹೇಳಿದೆ. ಬೆಲೆ ಕುದುರಿದ ಮೇಲೆ ಒಂದು ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಂಡೆ: ನನ್ನ ಕೆಲಸಕ್ಕೆ ಒದಗದಿದ್ದರೆ ಬದಲಿ ಮಾಲು ಕೊಡಬೇಕು.

"ಅಂತಾ ಕೆಲ್ಸ ಏನಣ್ಣಾ ನಿಂದು? ಆಧಾರ್ ಕಾರ್ಡು, ಜಮೀನಿನ ಪಾಣಿ, ಇಷ್ಟೇ ತಾನೆ ಎಲ್ರೂ ಮಾಡೋದು?" ಎಂದ.

"ಅಪ್ಪನ ಫೋಟೋ ಐತೆ."

"ಫೋನ್‌ನಾಗೆ ಒಡ್ಕೊಂಡ್ರೆ ಆಯ್ತಪ್ಪ! ಇದ್ಯಾಕೆ ಓತ್ಕೊಂಡು ಓಗ್ತೀಯಾ?"

"ನೀನು ಮಾರೋನೋ, ಬ್ಯಾಡ ಅನ್ನೋನೋ?" ಎಂದೆ. ಅವನು ನಕ್ಕು ಬಿಲ್ಲು ಹರಿದುಕೊಟ್ಟ.

ಅಪ್ಪನ ಮಾತನ್ನು ಮೊದಲೇ ಎತ್ತಿದ್ದರೆ ಅವನು ಬೆಲೆಯಲ್ಲಿ ಇಳಿಯುತ್ತಿರಲಿಲ್ಲ. ಬೇಕೇ ಬೇಕು ಅನ್ನುವುದು ಮುಖದಲ್ಲಿ ಕಂಡವನಿಗೆ ಯಾರೂ ಕಡಿಮೆ ಮಾಡುವುದಿಲ್ಲ. ಬಂಗಾರಪೇಟೆ ಮಾರ್ಕೆಟ್ಟಿನ ಹಿಂದೆ ಹಳೇ ಫ್ಯಾನು, ಮಿಕ್ಸಿ, ಹೊಲಿಗೆ ಮೆಷಿನ್ನು ಕೊಂಡು, ರಿಪೇರಿ ಮಾಡಿ ಮಾರುವವನು ನಾನು. ಇಷ್ಟಾದರೂ ಕಲಿತಿದ್ದೇನೆ.

ನನಗೆ ಅದು ಬೇಕೇ ಬೇಕಾಗಿತ್ತು. ನಮ್ಮ ನಡುಮನೆಯ ಗೋಡೆಯ ಮೇಲೆ ಅಪ್ಪನ ಪಟ ಒಂದೇ. ಮಳೆಗಾಲದಲ್ಲಿ ಗೋಡೆ ತೇವ ಹಿಡಿದು, ಪಟದೊಳಗೆ ಬೂಷ್ಟು ಹತ್ತಿತ್ತು. ಮೊದಲು ಅಂಚಿನಲ್ಲಿತ್ತು. ಆಮೇಲೆ ಅಂಗಿಯ ಕಾಲರಿಗೆ ಬಂತು. ಇನ್ನೊಂದು ಮಳೆಗಾಲ ಕಳೆದರೆ ಮುಖಕ್ಕೆ ಏರುತ್ತದೆ. ಅಪ್ಪ ಹೋದಾಗ ನಾನು ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ನನ್ನ ಪಾಲಿಗೆ ಅಪ್ಪನ ಮುಖ ಅಂದರೆ ಆ ಪಟ. ನಂದಿದುರ್ಗದ ಚಿನ್ನದ ಗಣಿಯಲ್ಲಿ ಭೂಮಿಯ ಕೆಳಗೆ ಕೆಲಸ ಮಾಡಿ, ಎದೆಯಲ್ಲಿ ಧೂಳು ತುಂಬಿಕೊಂಡು, ಕೆಮ್ಮಿ ಕೆಮ್ಮಿ ಸತ್ತ ಮನುಷ್ಯನ ಬೇರೆ ಗುರುತು ನಮ್ಮಲ್ಲಿ ಒಂದು ಟಿಫನ್ ಡಬ್ಬಿ ಮಾತ್ರ.

ಇನ್ನೊಂದು ಗುರುತು ಇತ್ತು, ಅದನ್ನು ನಾನು ಮೈಮೇಲೇ ಹೊತ್ತು ತಿರುಗುತ್ತಿದ್ದೆ. ಮನೆಗೆ ಬಂದ ನೆಂಟರೆಲ್ಲ ಪಟ ನೋಡಿ, ನನ್ನ ಕಡೆ ತಿರುಗಿ, "ಅಪ್ಪನ ಕಣ್ಣೇ ಕಣಪ್ಪಾ ಇವಂಗೆ, ಒಂಚೂರೂ ಬಿಟ್ಟಿಲ್ಲ," ಅನ್ನುತ್ತಿದ್ದರು. ಕೈಯಲ್ಲಿ ಕಾಸಿಲ್ಲದೆ ವ್ಯಾಪಾರಕ್ಕೆ ಇಳಿದ ದಿನಗಳಲ್ಲಿ ಆ ಮಾತು ನನಗೆ ಆಸರೆಯಾಗಿತ್ತು. ಅಪ್ಪ ಏನೂ ಬಿಟ್ಟು ಹೋಗಲಿಲ್ಲ ಎಂದು ಯಾರಾದರೂ ಹೇಳಿದರೆ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ, ಕಣ್ಣು ಬಿಟ್ಟು ಹೋಗಿದ್ದಾನಲ್ಲ.

ಸ್ಕ್ಯಾನರ್ ಮನೆಗೆ ತಂದು, ಪಟದ ಹಿಂದಿನ ಮೊಳೆ ಕಿತ್ತು, ಫೋಟೋ ಹೊರತೆಗೆದೆ. ಸಲೀಸಾಗಿ ಬಂತು. ಗಾಜಿನ ಮೇಲೆ ಬೋರಲು ಹಾಕಿ, ಇಂಚಿಗೆ ಆರುನೂರು ಚುಕ್ಕೆ ಹಿಡಿಯುವಂತೆ, ಅಂದರೆ ಆರುನೂರು ಡಿಪಿಐಗೆ ಇಟ್ಟು, ಗುಂಡಿ ಒತ್ತಿದೆ. ಮಗಳ ಲ್ಯಾಪ್‌ಟಾಪಿನಲ್ಲಿ ಅಪ್ಪ ಸಾಲು ಸಾಲಾಗಿ ಇಳಿದು ಬಂದ. ಮಾಲು ಒಳ್ಳೆಯದೇ ಅಂದುಕೊಂಡೆ. ಕುರ್ಚಿಯ ಬೆತ್ತದ ಹೆಣಿಗೆ ಕಂಡಿತು, ಹೂವಿನ ಹಾರದ ಒಂದೊಂದು ಎಸಳು ಕಂಡಿತು. ಮುಖ ದೊಡ್ಡದು ಮಾಡಿದೆ. ಕಣ್ಣಿಗೆ ಬಂದೆ.

ಕುಂಚದ ಗೀರುಗಳು. ರೆಪ್ಪೆಯ ಕೂದಲು ಒಂದೊಂದೂ ಒಂದೊಂದು ಗೀರು. ಎರಡು ಕಣ್ಣಿಗೂ ಒಂದೇ ಜಾಗದಲ್ಲಿ ಬಿಳಿ ಚುಕ್ಕೆ. ಬಣ್ಣ ತೆಳುವಾದ ಕಡೆ, ಅದರ ಅಡಿಯಿಂದ, ಮುಚ್ಚಿದ ರೆಪ್ಪೆಯ ಗೆರೆ ಇಣುಕುತ್ತಿತ್ತು. ಮರುಬಣ್ಣ ಬಳಿದ ಫ್ಯಾನನ್ನು ಬೀದಿಯ ಆಚೆಯಿಂದಲೇ ಹಿಡಿಯುವವನು ನಾನು. ದಿನಾ ಕೈಮುಗಿಯುವ ಪಟದಲ್ಲಿ ಇದು ನನಗೆ ಕಂಡಿರಲಿಲ್ಲ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಪಕ್ಕದಲ್ಲಿ ಕೂತೆ.

"ಅಮ್ಮಾ, ಈ ಫೋಟೋ ಯಾವಾಗ ತೆಗ್ಸಿದ್ದು?"

ಅವಳು ನೋಡಿದಳು, ಮತ್ತೆ ಕಾಯಿಗೆ ಕೈಹಾಕಿದಳು. "ಸತ್ತ್ ದಿನ. ಇನ್ಯಾವಾಗ? ಬದ್ಕಿದ್ದಾಗ ಫೋಟೋ ತೆಗ್ಸಾಕೆ ನಿಮ್ಮಪ್ಪ ಏನ್ ಸಾಹುಕಾರ್ನಾ? ಕುರ್ಚಿನಾಗೆ ಕೂರ್ಸಿ, ಬೀಳ್ದಂಗೆ ಇಂದ್ಗಡೆಯಿಂದ ನಿಮ್ಮಾವ ಇಡ್ಕೊಂಡಿದ್ದ. ಆವಾಗೆಲ್ಲ ಅಂಗೇ ಕಣ್ಲಾ, ನಮ್ ಕಡೆ ಎಲ್ರ ಮನೇಲೂ ಅದೇ ಫೋಟೋ."

"ಕಣ್ಣು?"

"ಸ್ಟುಡಿಯೋದೋನು ಬರ್ದ. ಕಣ್ ಮುಚ್ಚಿರೋ ಪಟಕ್ಕೆ ಎಂಗಮ್ಮಾ ದೀಪ ಅಚ್ತೀಯಾ, ತೆರ್ದಂಗೆ ಬರ್ಕೊಡ್ತೀನಿ, ಕಣ್ಣು ಎಂಗಿದ್ವು ಏಳು ಅಂದ. ನಂಗೆಲ್ಲಿ ಬಾಯಿ ಬರ್ತಿತ್ತು ಆವಾಗ? ನಿಮ್ಮಾವ ನಿನ್ನ ಎತ್ಕೊಂಡೋಗಿ ಅವನ ಮುಂದೆ ನಿಲ್ಸಿದ. ಇವಂದು ಅಪ್ಪನ ಕಣ್ಣೇ, ಇವನ್ನ ನೋಡ್ಕೊಂಡು ಬರಿ ಅಂದ. ನೀನು ಪೆಪ್ಪರ್‌ಮೆಂಟು ಕೊಟ್ರೇನೇ ನಿಂತ್ಕೊತೀನಿ ಅಂತ ಅಟ ಮಾಡ್ದೆ. ಆವಾಗಿಂದ್ಲೂ ಯಾಪಾರಾನೇ ನಿಂದು."

ನಾನು ನಗಲಿಲ್ಲ. "ಅಂಗಾರೆ ಅವು ನನ್ ಕಣ್ಣು."

"ಊಂ."

"ಅಪ್ಪಂದು ಎಂಗಿದ್ವು?"

ಅಮ್ಮನ ಕೈ ನಿಂತಿತು. ಪರದೆಯ ಹತ್ತಿರಕ್ಕೆ ಬಗ್ಗಿದಳು. "ಇದ್ನೇ ನೋಡಿ ನೋಡಿ ನಂಗೂ ಇವೇ ಆಗೋಗವೆ ಕಣಪ್ಪಾ. ಅದಕ್ ಮುಂದಿನ್ವು ಗ್ಯಾಪಕಕ್ಕೆ ಬರ್ತಾ ಇಲ್ಲ," ಎಂದಳು. ಆಮೇಲೆ ಸುಲಿದ ಕಾಳನ್ನೂ ಸಿಪ್ಪೆಯನ್ನೂ ಒಂದೇ ಬುಟ್ಟಿಗೆ ಹಾಕತೊಡಗಿದಳು. ನಾನು ಬೇರೆ ಮಾಡಿ ಕೊಟ್ಟೆ.

ಎರಡು ದಿನ ಆದ ಮೇಲೆ ಅವಳೇ ಮಾತು ತೆಗೆದಳು. ಅಪ್ಪನ ತಂಡದ ಮೇಸ್ತ್ರಿ ರಿಟೈರ್ ಆದಾಗ ಗಣಿಯ ಮುಂದೆ ಎಲ್ಲರೂ ನಿಂತು ಒಂದು ಫೋಟೋ ತೆಗೆಸಿಕೊಂಡಿದ್ದರಂತೆ. ಅಪ್ಪ ಅದರ ಪ್ರತಿ ತರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ತಮಿಳಿನವರೊಬ್ಬರು ತಂದಿದ್ದರು, ನಂದಿದುರ್ಗದ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ಇನ್ನೂ ಅವರ ಹೆಂಡತಿ ಇದ್ದಾರೆ. "ಓಗಿ ನೋಡು. ಅದ್ರಾಗೆ ಉಸ್ರಾಡ್ತಾ ನಿಂತವ್ನೆ ನಿಮ್ಮಪ್ಪ," ಎಂದಳು.

ಸ್ಕ್ಯಾನರನ್ನು ಅಕ್ಕಿ ಚೀಲದಲ್ಲಿ ಸುತ್ತಿ, ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿ, ಸ್ಕೂಟರಿನಲ್ಲಿ ಹೊರಟೆ. ಆ ಅಜ್ಜಿ ನನ್ನ ಮುಖ ನೋಡಿದ ಕೂಡಲೇ, "ವಾ ತಂಬಿ, ವಾ. ಬಂಗಾರಪೇಟೆಯವರ ಮಗಾ ತಾನೆ? ಅದೇ ಕಣ್ಣು," ಎಂದರು. ಈ ಸಲ ಆ ಮಾತು ಒಳಗೆ ಇಳಿಯಲಿಲ್ಲ. ಅವರೂ ನಮ್ಮ ಮನೆಯ ಪಟಕ್ಕೆ ಕೈಮುಗಿದು ಹೋದವರೇ.

ಫೋಟೋ ಅವರ ಬಾಗಿಲಿನ ಮೇಲೆ ತೂಗುತ್ತಿತ್ತು. ಮೇಲಿನ ಶೀಟು ಸೋರಿ, ನೀರು ಇಳಿದು, ಕಾಗದ ಗಾಜಿಗೆ ಅಂಟಿಹೋಗಿತ್ತು.

"ಎಳೀಬೇಡ ತಂಬಿ. ಒಂದು ಮೂಲೆ ಎಳ್ದು ನೋಡ್ದೆ, ಒಬ್ಬರ ಕಾಲು ಗ್ಲಾಸಿಗೇ ಅಂಟ್ಕೊಂಡು ಓಯ್ತು. ಮುಖ ಕಿತ್ತೋದ್ರೆ ನಮ್ಮವರನ್ನ ಎಲ್ಲಿಂದ ತರಲಿ?"

"ಎಳೆಯಲ್ಲ ಅಜ್ಜೀ. ಗಾಜಿನ ಸಮೇತ ಇಡ್ತೀನಿ."

ಚೌಕಟ್ಟು ಬಿಚ್ಚಿ, ಗಾಜು ಕೆಳಗಾಗಿ ಇಟ್ಟು, ಮೇಲೆ ಅವರ ಕಪ್ಪು ಕಂಬಳಿ ಹೊದಿಸಿ ಗುಂಡಿ ಒತ್ತಿದೆ. ಬಂದದ್ದು ಮಂಜು. ಗಾಜು ಒರೆಸಿ ಮತ್ತೆ ಒತ್ತಿದರೆ ಮತ್ತೆ ಮಂಜು, ಅದರೊಳಗೆ ಟೋಪಿ ಹಾಕಿದ ನೆರಳುಗಳು. ಫೋನಿನಲ್ಲಿ ಹಿಡಿದು ನೋಡಿದೆ. ಗಾಜಿನಲ್ಲಿ ಬಾಗಿಲ ಬೆಳಕು ಹೊಳೆದು, ಗಣಿಯವರ ಮೇಲೆಲ್ಲ ನನ್ನ ಮುಖವೇ ಕೂತಿತು. ಅಪ್ಪನನ್ನು ನೋಡಬೇಕೆಂದು ಬಗ್ಗಿದಷ್ಟೂ ನಾನೇ ಕಾಣುತ್ತಿದ್ದೆ.

ಸ್ಕ್ಯಾನರ್ ಹೊತ್ತುಕೊಂಡು ನೇರ ಅಂಗಡಿಗೆ ಹೋದೆ.

"ಮಾಲು ಕೆಟ್ಟಿಲ್ಲಣ್ಣಾ," ಎಂದ ಅವನು. "ಇದು ತೆಳ್ಳನೆ ಜಾತಿ. ಅದ್ರ ಗಾಜಿಗೆ ತಾಗ್ಕೊಂಡಿರೋದು ಬಿಟ್ರೆ ಒಂದ್ ನೂಲು ಮೇಲಿದ್ರೂ ಅದಕ್ಕೆ ಕಾಣಲ್ಲ. ಇನ್ನೊಂದು ಗಾಜಿನ ಇಂದೆ ಇರೋದನ್ನ ಎಂಗ್ ನೋಡ್ತದೆ?"

"ಇದನ್ನ ಮೊದ್ಲೇ ಯಾಕೆ ಏಳ್ಲಿಲ್ಲ?"

"ನೀನು ಎಲ್ಲಿ ಬಿಟ್ಟೆ? ಬರೀ ಗೀರೈತೆ, ಪೆಟ್ಟಿಗೆ ಅರ್ದೈತೆ, ಇದೇ ಆಯ್ತು ನಿಂದು."

ಅದು ನಿಜವೇ. ಅವನ ಮೇಜಿನ ಕೆಳಗೆ, ಜೆರಾಕ್ಸ್ ಕಾಗದದ ಕಟ್ಟುಗಳ ಭಾರ ಹೊತ್ತು, ಒಂದು ಹಳೇ ದಪ್ಪ ಸ್ಕ್ಯಾನರ್ ಕೂತಿತ್ತು. ಬಣ್ಣ ಹಳದಿಗೆ ತಿರುಗಿತ್ತು. ಕಟ್ಟುಗಳನ್ನು ಇಳಿಸಿ, ಅದನ್ನು ಎಳೆದು ಚಾಲೂ ಮಾಡಿಸಿದೆ. ನನ್ನ ಕೈಗಡಿಯಾರ ಬಿಚ್ಚಿ ಎರಡರಲ್ಲೂ ಬೋರಲು ಹಾಕಿ ನೋಡಿದೆವು. ತೆಳ್ಳನೆಯದರಲ್ಲಿ ಮುಳ್ಳುಗಳು ಕಲಸಿಹೋದವು. ದಪ್ಪನೆಯದರಲ್ಲಿ ಮುಳ್ಳು, ಅಂಕಿ, ಒಳಗಿನ ಧೂಳು, ಎಲ್ಲ ಸ್ಪಷ್ಟ.

"ಇದನ್ನ ಕೊಡು, ಅದನ್ನ ಇಟ್ಕೊ," ಎಂದೆ.

"ಒಸಾದು ಕೊಟ್ಟು ಅಳೇದ್ ತಗೊಂಡೋಗ್ತೀಯಾ? ಯಾಪಾರ ಮಾಡೋನು ನೀನೇ ತಾನೆ?"

ನಾನು ಅದರ ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ. ಜೀವನದಲ್ಲಿ ಮೊದಲ ಸಲ ಬೇಕು ಅನ್ನುವುದನ್ನು ಮುಖದಲ್ಲಿ ಮುಚ್ಚಿಡಲಿಲ್ಲ. ಅವನೇ ಅದರ ಧೂಳು ಒರೆಸಿ, ವೈರು ಸುತ್ತಿ, ಸ್ಕೂಟರಿನವರೆಗೂ ಹೊತ್ತು ತಂದ.

ಮಾರನೆಯ ದಿನ ಲೈನ್ ಮನೆಯಲ್ಲಿ ಮತ್ತೆ ಕಂಬಳಿ ಹೊದಿಸಿ ಗುಂಡಿ ಒತ್ತಿದಾಗ ಆ ಹಳೇ ಯಂತ್ರ ನರಳುತ್ತ ನರಳುತ್ತ ಸಾಗಿತು. ಮಂಜು ಹೋಗಿತ್ತು. ಅಂಗಿಯ ಗುಂಡಿ, ಕೈಯ ದೀಪ, ಬೂಟಿಗೆ ಮೆತ್ತಿದ ಮಣ್ಣು. ಮುಂದಿನ ಸಾಲಿನಲ್ಲಿ ಅಜ್ಜಿಯ ಗಂಡ ಟೋಪಿಯನ್ನು ಮಡಿಲಲ್ಲಿಟ್ಟು ಕೂತಿದ್ದರು, ಕಣ್ಣು ನೇರ ನಮ್ಮ ಮೇಲೆ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು, "ಅಯ್ಯೋ, ನನ್ನೇ ನೋಡ್ತಾರೆ ತಂಬಿ. ಬೈಯೋಕೆ ರೆಡಿಯಾಗಿ ಕೂತಿದಾರೆ ನೋಡು," ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ಆಮೇಲೆ ಹಿಂದಿನ ಸಾಲಿನ ಕೊನೆಯಲ್ಲಿ ಬೆರಳಿಟ್ಟರು. "ನಿಮ್ಮಪ್ಪ."

ತೊಗರಿ ಬೇಳೆಯಷ್ಟು ಮುಖ. ದೊಡ್ಡದು ಮಾಡಿದೆ. ಗದ್ದ ಕಂಡಿತು, ಮೀಸೆ ಕಂಡಿತು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿದ್ದಿರಬೇಕು, ತಲೆಯ ಮೇಲಿನ ಗಣಿ ಟೋಪಿಯ ಅಂಚಿನಿಂದ ಮೂಗಿನವರೆಗೆ ದಟ್ಟ ನೆರಳು. ಆರುನೂರು ಇದ್ದದ್ದನ್ನು ಸಾವಿರದ ಇನ್ನೂರಕ್ಕೆ ಏರಿಸಿದೆ, ಅದರ ಎರಡರಷ್ಟಕ್ಕೂ ಏರಿಸಿದೆ. ಏರಿಸಿದಷ್ಟೂ ಕಾಗದದ ಮೇಲಿನ ಚುಕ್ಕೆಗಳು ದೊಡ್ಡವಾದವೇ ಹೊರತು ನೆರಳಿನೊಳಗೆ ಕಣ್ಣು ಹುಟ್ಟಲಿಲ್ಲ. ಫೋಟೋದಲ್ಲಿ ಇಲ್ಲದ್ದನ್ನು ಯಾವ ಸ್ಕ್ಯಾನರೂ ಕೊಡುವುದಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅಜ್ಜಿ ಒಳಗೆ ಹೋಗಿ ಕಾಫಿಗೆ ಇಟ್ಟರು.

ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ಹೆಸರು ಹೇಳಲಿಲ್ಲ, ಬೆರಳಿಡಲಿಲ್ಲ. ಅವಳೇ ಹಿಂದಿನ ಸಾಲಿನ ಕೊನೆಗೆ ಹೋದಳು.

"ಇಗೋ. ಎಡಗಡೆ ಭುಜ ಇಳೇಬಿಟ್ಕೊಂಡು. ಅಂಗೇ ನಿಂತ್ಕೊತಿದ್ದ ಯಾವಾಗ್ಲೂ, ಕೊಡ ಒತ್ತಿರೋರ ತರ." ಅವಳ ದನಿ ಒಂದು ಕ್ಷಣ ಎಳೆಯದಾಯಿತು. "ನೀನ್ ನಿಂತ್ಕೊ ನೋಡಾನ."

ನಿಂತೆ. ಅಮ್ಮ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಇಲ್ಲ. ನೀನು ಅಂಗ್ ನಿಂತ್ಕೊಳಲ್ಲ," ಎಂದಳು.

ಕಣ್ಣು ಕಂಡವಾ ಎಂದು ಅವಳು ಕೇಳಲಿಲ್ಲ. ಗೋಡೆಗೆ ಯಾವುದನ್ನು ಹಾಕಲಿ ಎಂದು ನಾನೇ ಕೇಳಿದೆ.

"ಅಳೇದ್ನೇ ಆಕು. ಬೂಷ್ಟು ತೆಗ್ದು ಆಕು. ಇಷ್ಟ್ ವರ್ಷ ದೀಪ ಅಚ್ಚಿರೋದು ಆ ಕಣ್ಣಿಗೇ ತಾನೆ?"

ಕಂಪ್ಯೂಟರಿನಲ್ಲಿ ಕಾಲರಿನ ಬೂಷ್ಟು ತೆಗೆಸಿ, ಹೊಸ ಪ್ರಿಂಟು ಹಾಕಿಸಿ, ಅದೇ ಚೌಕಟ್ಟಿಗೆ ಸೇರಿಸಿ ತೂಗುಹಾಕಿದ್ದೇನೆ. ಗೋಡೆಯಿಂದ ನಾನೇ ನನ್ನನ್ನು ನೋಡುತ್ತೇನೆ. ಎಡಭುಜ ಇಳಿಬಿಟ್ಟು ನಿಂತು ನೋಡಿದ್ದೂ ಉಂಟು, ಯಾರೂ ಇಲ್ಲದಾಗ. ಆ ನಿಲುವು ನನಗೆ ಬರಲಿಲ್ಲ.

ಈಗ ನಿಮಗೆ ನಾಲ್ಕು ಮಾತು. ಸ್ಕ್ಯಾನರ್ ಕೊಳ್ಳುವ ಮೊದಲು ಮನೆಯ ಫೋಟೋಗಳನ್ನೆಲ್ಲ ಇಳಿಸಿ ನೋಡಿ. ಬಿಡಿ ಫೋಟೋಗಳೇ ಇದ್ದರೆ ತೆಳ್ಳನೆಯ ಅಗ್ಗದ ಸ್ಕ್ಯಾನರ್ ಧಾರಾಳ ಸಾಕು, ಹೆಚ್ಚು ಕೊಡಬೇಡಿ. ಒಂದಾದರೂ ಗಾಜಿಗೆ ಅಂಟಿದ್ದರೆ ದಪ್ಪ ಜಾತಿಯದೇ ಬೇಕು, ಹಳೆಯದಾದರೂ ಸರಿ. ಅಂಗಡಿಗೆ ಹೋಗುವಾಗ ಮುಳ್ಳಿನ ಕೈಗಡಿಯಾರ ಕಟ್ಟಿಕೊಂಡು ಹೋಗಿ, ಬೋರಲು ಹಾಕಿಸಿ ನೋಡಿ, ಆಮೇಲೆ ಬೆಲೆ ಮಾತಾಡಿ. ಪೆಟ್ಟಿಗೆಯ ಮೇಲಿನ ದೊಡ್ಡ ದೊಡ್ಡ ಅಂಕಿಗೆ ಮರುಳಾಗಬೇಡಿ. ಸಾಮಾನ್ಯ ಫೋಟೋಗೆ ಮುನ್ನೂರು ಡಿಪಿಐ, ಚಿಕ್ಕದಕ್ಕೆ ಆರುನೂರು, ಅಷ್ಟೇ. ಅಂಟಿದ ಕಾಗದವನ್ನು ಎಳೆಯಬೇಡಿ, ನೀರು ಮುಟ್ಟಿಸಬೇಡಿ. ಸ್ಕ್ಯಾನ್ ಮಾಡುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಎಲ್ಲಿ ಬೆರಳಿಡುತ್ತಾರೆ, ಏನು ಹೇಳುತ್ತಾರೆ, ಅದನ್ನೂ ಫೋನಿನಲ್ಲಿ ಹಿಡಿದಿಡಿ.

ಮತ್ತೆ, ಇದನ್ನು ಓದಿ ಮುಗಿಸಿದ ಕೂಡಲೇ ಮನೆಯಲ್ಲಿರುವವರ ಒಂದೊಂದು ಫೋಟೋ ತೆಗೆಯಿರಿ. ಟೋಪಿ ಇದ್ದರೆ ತೆಗೆಸಿ. ಬಿಸಿಲು ನೆತ್ತಿಯ ಮೇಲಿರುವಾಗ ಬೇಡ, ಬಾಗಿಲ ಬೆಳಕಿಗೆ ಮುಖ ಮಾಡಿ ನಿಲ್ಲಿಸಿ.