ಸಿಸ್ಟರ್ ಕುದಿಸಿದ ಒಳಲೆ

ಸಿಸ್ಟರ್ ಬೆರಳ ತುದಿಗಳು ಸದಾ ನೇರಳೆ ಬಣ್ಣ. ಆ ಬೆಳಿಗ್ಗೆಯೂ ಎಂದಿನಂತೆ ಏಳಕ್ಕೆ ವಾರ್ಡಿಗೆ ಬಂದರು, ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡರು, ಟಾರ್ಚ್ ಹಿಡಿದು ತೊಟ್ಟಿಲಿಂದ ತೊಟ್ಟಿಲಿಗೆ ನಡೆದರು. “ಬಾಯಿ ತೆಗೀರಿ ಗೌಡ್ತಮ್ಮಾ,” ಎಂದು ನನ್ನ ಮಗಳ ಮುಂದೆ ಬಗ್ಗಿದರು. ಹದಿನೆಂಟು ದಿನದ ಕೂಸಿಗೂ ಅವರದು ಬಹುವಚನವೇ. ನಾನೂ ಟಾರ್ಚಿನ ಬೆಳಕಿನತ್ತ ಬಗ್ಗಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು, ತೀರ್ಥಹಳ್ಳಿ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಆಸ್ಪತ್ರೆಯಲ್ಲೇ ಬಾಯಿ ತುಂಬ ಬಿಳಿ ಬೂಷ್ಟು ಹಿಡಿದಿತ್ತು, ಮೊಸರು ಮೆತ್ತಿದ ಹಾಗೆ. ಕುಡಿಯಲಾಗದೆ, ಅಳಲೂ ದನಿಯಿಲ್ಲದೆ ದಿನೇ ದಿನೇ ಒಣಗುತ್ತಿತ್ತು. ಸಿಸ್ಟರ್ ಹಚ್ಚುವ ನೇರಳೆ ಔಷಧಿಗೆ ಅದು ಹೋಗಲಿಲ್ಲ, ಶಿವಮೊಗ್ಗದಿಂದ ತರಿಸಿದ ಹನಿಗಳಿಗೂ ಜಗ್ಗಲಿಲ್ಲ. “ವಾರ್ಡಿನಲ್ಲೇ ಬೆಳೆದು ಔಷಧಿಗೆ ಪಳಗಿದ ಜಾತಿ ಇದು,” ಎಂದು ಡಾಕ್ಟರು ಕೈಚೆಲ್ಲಿದರು. ಇನ್ನೂ ಮೂರು ಕೂಸುಗಳಿಗೆ ಅದೇ ಕಾಟ.

ಅದು ಹರಡುವ ದಾರಿಯನ್ನು ಸಿಸ್ಟರ್ ಒಂದು ಮಧ್ಯಾಹ್ನ ಸುಮ್ಮನೆ ಮೂಲೆಯಲ್ಲಿ ಕೂತು ಕಂಡುಹಿಡಿದರು. ಮನೆಯಿಂದ ನಮ್ಮತ್ತೆ ಬೆಳ್ಳಿ ಒಳಲೆ ತಂದಿದ್ದರು, ಮಗುವಿಗೆ ಹಾಲು ಹನಿಸುವ ಕೊಕ್ಕಿನ ಬಟ್ಟಲು. ಧಾರಾಳದ ಹೆಂಗಸು. ಬಜೆ ತೇದು, ಜೇನಿನಲ್ಲಿ ಕಲಸಿ, ಅದೇ ಒಳಲೆಯಿಂದ ವಾರ್ಡಿನ ಎಲ್ಲ ಕೂಸುಗಳಿಗೂ ಹನಿಸುತ್ತಿದ್ದರು. ನಡುನಡುವೆ ಸೆರಗಲ್ಲಿ ಒರೆಸಿದರೆ ಆಯಿತು.

“ಒಳಲೆ ಕೊಡಿ ಅಮ್ಮಾ, ಕುದಿಸ್ಬೇಕು.”

“ಬೆಳ್ಳಿಗೆ ಎಂಥ ಮೈಲಿಗೆ ಸಿಸ್ಟ್ರೇ?”

“ಬೆಳ್ಳಿಗೆ ಮೈಲಿಗೆ ಇಲ್ಲ, ಬೂಷ್ಟಿಗೆ ನಾಚಿಕೆ ಇಲ್ಲ. ಔಷಧಿಗೆ ಹೆದರದಿದ್ರೆ ಹೋಗ್ಲಿ, ಕುದಿಯೋ ನೀರಿಗೆ ಹೆದರ್ಲೇಬೇಕು.”

ಅತ್ತೆ ಒಳಲೆಯನ್ನು ಮಡಿಲಿಗೆ ಹಾಕಿಕೊಂಡರು. ಸಿಸ್ಟರ್ ನನ್ನತ್ತ ತಿರುಗಿದರು. “ತಾಯಿ ನೀವು. ನೀವ್ ಹೇಳಿ.”

ಕಾನ್ವೆಂಟಿನಲ್ಲಿ ನಾನು ಕಲಿತದ್ದು ಹಿರಿಯರೆದುರು ತಗ್ಗಿ ಮಾತಾಡುವುದನ್ನು. ಆದರೂ ಕೈ ಚಾಚಿ, “ಕೊಡಿ ಅತ್ತೆ,” ಎಂದೆ. ಕೊಟ್ಟರು. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಅಂದಿನಿಂದ ಬಜೆ, ಜೇನು ಎಲ್ಲ ಬಂದ್. ಪ್ರತಿ ಕೂಸಿಗೂ ಬೇರೆ ಬಟ್ಟಲು, ಪ್ರತಿ ಸಲವೂ ಕುದಿಸಿದ್ದು. ಕೂಸು ಮುಟ್ಟುವವರೆಲ್ಲ ಕೈ ತೊಳೆಯಬೇಕು, ಡಾಕ್ಟರೂ.

ಹಾಗೆ ಕುದಿಸಲು ಶುರುಮಾಡಿದ ಒಂಬತ್ತನೆಯ ದಿನ, ಆ ಬೆಳಿಗ್ಗೆ ಟಾರ್ಚಿನ ಬೆಳಕಲ್ಲಿ ಕಂಡದ್ದು ಅಪ್ಪಟ ಗುಲಾಬಿ ನಾಲಿಗೆ. ಮಗಳು ಎದೆ ಕಚ್ಚಿ ಚಪ್ಪರಿಸಿ ಕುಡಿದಳು. ಮತ್ತೆ ಮತ್ತೆ ಅಂಟುವುದು ನಿಂತದ್ದೇ, ಉಳಿದ ಮೂರು ತೊಟ್ಟಿಲುಗಳಲ್ಲೂ ಬೂಷ್ಟು ಸೋತಿತ್ತು. ಸಿಸ್ಟರ್ ಟಾರ್ಚ್ ಆರಿಸಿ, ಯಾರಿಗೂ ಕಾಣಬಾರದೆಂದು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಮರುವರ್ಷ ಅವರಿಗೆ ಸಾಗರಕ್ಕೆ ವರ್ಗವಾಯಿತು. ಇವತ್ತಿಗೂ ಯಾರದೇ ಕೂಸು ಎತ್ತಿಕೊಳ್ಳುವ ಮುಂಚೆ ನಾನು ಕೈ ತೊಳೆಯುತ್ತೇನೆ. ಯಾರು ಮುಖ ಸಿಂಡರಿಸಿದರೂ ಉಳಿದವರಿಗೂ ಹೇಳುತ್ತೇನೆ.

ಮಗಳ ನಾಲಿಗೆ ಗುಲಾಬಿಯಾದ ಆ ದಿನ ಸಂಜೆ, ವಾರ್ಡಿಗೆ ಗಂಜಿ ತಂದ ನಮ್ಮ ಪಕ್ಕದ ಮನೆಯಾಕೆ ಚಪ್ಪಲಿ ಬಿಡುತ್ತಲೇ ಅಂದರು: “ನಿನ್ ಮಗಳದ್ದು ಎಂಥ ಗಂಟ್ಲು ಮಾರಾಯ್ತಿ, ಬಸ್‌ಸ್ಟ್ಯಾಂಡಿಗೇ ಕೇಳ್ತಿತ್ತು.”